ತಿಪ್ಪೇಶ ಕೈ ಎತ್ತದ ಪಂದ್ಯ

ಮೊನ್ನೆ ಹಿರಿಯೂರಿಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಕಾಲೇಜು ಹುಡುಗಿ ಬ್ಯಾಗಿನಿಂದ ಡಬ್ಬಿ ತೆಗೆದು ಮೊಣಕಾಲಿಗೆ ನೋವಿನ ಸ್ಪ್ರೇ ಹೊಡೆದುಕೊಂಡಳು. ಮುಂದಿನ ಸೀಟಿನ ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡಿತು. ಕಂಡಕ್ಟರು ಕಿಟಕಿ ತೆಗೀರಿ ಎಂದು ಗೊಣಗಿದ. ಏನಾಟ ಆಡ್ತೀಯಮ್ಮ ಎಂದು ಕೇಳಿದೆ. ಕಬಡ್ಡಿ ಅಂದಳು. ಕೇಳುವ ಅಗತ್ಯವೇ ಇರಲಿಲ್ಲ. ಏಳೆಂಟು ವರ್ಷದ ಹಿಂದೆ ಒಂದು ಬೇಸಿಗೆಯಿಡೀ ಆ ವಾಸನೆಯಲ್ಲೇ ಮಂಡಕ್ಕಿ ತಿಂದು, ಆ ವಾಸನೆ ಹೊತ್ತುಕೊಂಡೇ ಮನೆಗೆ ಬಂದು ಮಲಗಿದವನು ನಾನು. ಆ ಬೇಸಿಗೆಯ ಕಥೆಯನ್ನು ಯಾರಿಗೂ ಪೂರ್ತಿ ಹೇಳಿಲ್ಲ, ಹೆಂಡತಿಗೂ ಹೇಳಿಲ್ಲ. ಹೇಳಿದಾಗಲೆಲ್ಲ ಒಂದು ತುಂಡು ಬಿಟ್ಟೇ ಹೇಳಿದ್ದೇನೆ.

ಆಗ ನಾನು ಹೊಳಲ್ಕೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಸರ್ವೀಸು ಮುಗಿಯಲು ಮೂರು ವರ್ಷ ಬಾಕಿ ಇತ್ತು. ಪರೀಕ್ಷೆ ಹತ್ತಿರ ಬಂದರೆ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರನ್ನು ಕೇಳುವವರು ಯಾರು? ನನ್ನ ಪೀರಿಯಡ್ಡುಗಳನ್ನೆಲ್ಲ ಗಣಿತದವರೂ ವಿಜ್ಞಾನದವರೂ ಹಂಚಿಕೊಂಡು, ನನ್ನನ್ನು ಗಂಟೆ ಹೊಡೆಸುವುದಕ್ಕೆ ಇಟ್ಟುಕೊಂಡಿದ್ದರು. ಅಂಥ ಒಂದು ಮಧ್ಯಾಹ್ನ ದುರ್ಗದಿಂದ ಓಂಕಾರಪ್ಪ ಫೋನು ಮಾಡಿದ.

ಓಂಕಾರಪ್ಪನೂ ನಾನೂ ಕಾಲೇಜಿನಲ್ಲಿ ಒಂದೇ ತಂಡಕ್ಕೆ ಆಡಿದವರು. ನಾನು ಮದುವೆ, ಮಕ್ಕಳು, ವರ್ಗಾವಣೆ ಅಂತ ಆಟ ಬಿಟ್ಟೆ. ಅವನು ಬಿಡಲಿಲ್ಲ, ದುರ್ಗದಲ್ಲಿ ಒಂದು ಕಬಡ್ಡಿ ಕ್ಲಬ್ಬು ಕಟ್ಟಿದ. ಅದರ ದೊಡ್ಡ ತಂಡ ರಾಜ್ಯಮಟ್ಟದಲ್ಲಿ ಆಡುತ್ತಿತ್ತು. ಅಲ್ಲಿ ಎರಡು ಮೂರು ವರ್ಷ ಮೈ ಬಗ್ಗಿಸಿದರೆ ಕ್ರೀಡಾ ಕೋಟಾದಲ್ಲಿ ನೌಕರಿ ಸಿಗುತ್ತದೆ ಎಂಬುದು ಸುತ್ತಿನ ಹಳ್ಳಿಗಳಿಗೆಲ್ಲ ಗೊತ್ತಿದ್ದ ಮಾತು. ಇನ್ನೂ ಹದಕ್ಕೆ ಬರದ ಎಳೆಯರನ್ನು ಓಂಕಾರಪ್ಪ ಬೇಸಿಗೆಯಲ್ಲಿ ತಾಲ್ಲೂಕು ತಂಡಗಳಿಗೆ ಆಡಲು ಬಿಡುತ್ತಿದ್ದ. ಸುಗ್ಗಿ ಮುಗಿದ ಮೇಲೆ ಯುಗಾದಿ ಕಳೆಯುವವರೆಗೂ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಒಂದಲ್ಲ ಒಂದು ಊರಿನಲ್ಲಿ ಹೊನಲು ಬೆಳಕಿನ ಪಂದ್ಯ ಇದ್ದೇ ಇರುತ್ತದೆ. ಅಲ್ಲಿ ಬಿದ್ದು ಎದ್ದು ಕಲಿಯಲಿ ಎಂಬುದು ಅವನ ಲೆಕ್ಕಾಚಾರ. ಒಬ್ಬೊಬ್ಬರಿಗೆ ಎರಡು ಬೇಸಿಗೆ ಮಾತ್ರ ಅವಕಾಶ. ಅಷ್ಟರಲ್ಲಿ ದೊಡ್ಡ ತಂಡಕ್ಕೆ ಹತ್ತಲಿಲ್ಲವೋ, ಮನೆಗೆ ಹೋಗಿ ಬೇರೆ ದಾರಿ ನೋಡಿಕೊಳ್ಳಬೇಕು.

ಆ ವರ್ಷ ಎರಡನೇ ಬೇಸಿಗೆ ಆಡುತ್ತಿದ್ದವರು ಇಬ್ಬರು. ದೊಡ್ಡ ತಂಡದಲ್ಲಿ ಖಾಲಿ ಇದ್ದದ್ದು ಒಂದೇ ಜಾಗ. ಓಂಕಾರಪ್ಪನಿಗೆ ಮೊಣಕಾಲಿನ ಆಪರೇಷನ್ ಆಗಿ ಊರೂರು ತಿರುಗುವಂತಿರಲಿಲ್ಲ.

“ಲೇ ರುದ್ರ, ದಿನಾ ನೀನೇ ಹೋಗಿ ನೋಡು. ಎಷ್ಟು ಪಾಯಿಂಟು, ಎಷ್ಟು ಔಟು ಅಂತ ಬರ್ದು ರಾತ್ರಿನೇ ನಂಗೆ ಕಳ್ಸು” ಅಂದ.

ಗಂಟೆ ಹೊಡೆಸುತ್ತಿದ್ದವನಿಗೆ ಯಾರೋ ಕರೆದು ಹಬ್ಬದೂಟ ಬಡಿಸಿದ ಹಾಗಾಯಿತು. ಹೂಂ ಅನ್ನುವುದಕ್ಕೆ ಎರಡು ನಿಮಿಷ ತಡಮಾಡಿದೆ. ಸುಮ್ಮನೆ, ನನಗೂ ಕೆಲಸ ಇದೆ ಎಂದು ತೋರಿಸಿಕೊಳ್ಳಲು.

ಮಾರನೆಯ ದಿನವೇ ಉದ್ದ ನೋಟ್‌ಬುಕ್ಕು ಕೊಂಡು, ಸ್ಕೇಲಿಟ್ಟು ಗೆರೆ ಎಳೆದೆ. ರೈಡು, ಖಾಲಿ ರೈಡು, ಪಾಯಿಂಟು, ಹಿಡಿತ, ಔಟು ಎಂದು ಐದು ಕಾಲಂ. ಶಾಲೆ ಬಿಟ್ಟ ಮೇಲೆ ಮನೆಗೆ ಹೋಗಿ ಮುಖ ತೊಳೆದು ಬೈಕು ಹತ್ತಿದರೆ ಸಂಜೆ ಏಳಕ್ಕೆ ಯಾವುದೋ ಒಂದು ಊರಿನ ಬಯಲಿನಲ್ಲಿ ಇರುತ್ತಿದ್ದೆ. ಜರಡಿ ಹಿಡಿದ ಕೆಮ್ಮಣ್ಣಿನ ಅಂಕಣ, ಅದರ ಮೇಲೆ ಚಿಮುಕಿಸಿದ ನೀರು, ನಾಲ್ಕು ಮೂಲೆಗೆ ನೆಟ್ಟ ಕಂಬಗಳ ಮೇಲೆ ದೀಪ. ಹಗಲೆಲ್ಲ ಕಾದ ಬಂಡೆಗಳ ಬಿಸಿ ರಾತ್ರಿ ಎಂಟರವರೆಗೂ ಮುಖಕ್ಕೆ ಹೊಡೆಯುತ್ತಿತ್ತು. ಆಮೇಲೆ ನಮ್ಮ ಕಡೆಯ ಗಾಳಿ ಶುರುವಾಗುತ್ತಿತ್ತು. ಗುಡ್ಡದ ಮೇಲೆ ಫ್ಯಾನು ನೆಟ್ಟು ಕರೆಂಟು ತೆಗೆಯುತ್ತಾರಲ್ಲ, ಅದೇ ಗಾಳಿ. ನೋಟ್‌ಬುಕ್ಕಿನ ಹಾಳೆ ಹಾರದ ಹಾಗೆ ಎರಡು ಬಟ್ಟೆ ಕ್ಲಿಪ್ಪು ಹಾಕಿ ಕೂರುತ್ತಿದ್ದೆ. ಹೆಂಡತಿ ತಂತಿಯ ಮೇಲಿನ ಕ್ಲಿಪ್ಪು ಕಾಣೆಯಾಗುತ್ತಿದೆ ಎಂದು ಪಕ್ಕದ ಮನೆಯವರ ಮೇಲೆ ಅನುಮಾನಪಟ್ಟಳು. ಆಟ ಮುಗಿದ ಕೂಡಲೆ ಹಾಳೆಯ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತಿದ್ದೆ. ಓಂಕಾರಪ್ಪ ಬೆಳಿಗ್ಗೆ ಐದಕ್ಕೆ ಒಂದು ಹೆಬ್ಬೆರಳು ಒತ್ತಿ ಸುಮ್ಮನಾಗುತ್ತಿದ್ದ.

ಮೊದಲ ವಾರ ಅಂಕಿಯ ಕೆಳಗೆ ನಾಲ್ಕು ಸಾಲು ನನ್ನ ಅಭಿಪ್ರಾಯವನ್ನೂ ಬರೆಯುತ್ತಿದ್ದೆ. ಈ ಹುಡುಗನ ಕಾಲು ಚುರುಕು, ಇವನಿಗೆ ಉಸಿರು ಸಾಲದು, ಇವನು ಸಂಭಾವಿತ, ಹೀಗೆ. ಒಂದು ದಿನ ಫೋನು ಬಂತು. “ರುದ್ರ, ಸಂಭಾವಿತ ಅಂದ್ರೆ ಎಷ್ಟು ಪಾಯಿಂಟಪ್ಪ? ನೀನು ಅಂಕಿ ಕೊಡು ಸಾಕು. ಅಭಿಪ್ರಾಯ ನಾನು ಮಾಡ್ಕಂತೀನಿ” ಎಂದು ನಕ್ಕ. ಅವನು ನಕ್ಕಿದ್ದು ತಮಾಷೆಗೇ ಇರಬೇಕು. ನನಗೆ ಮಾತ್ರ ಚುರ್ರೆಂದಿತು. ಮೂವತ್ತು ವರ್ಷ ಮಕ್ಕಳನ್ನು ಓಡಿಸಿದವನಿಗೆ ಹುಡುಗನ ಯೋಗ್ಯತೆ ಗೊತ್ತಾಗುವುದಿಲ್ಲವೇ? ಆಯ್ತಪ್ಪ, ಅಂಕಿ ಬೇಕಾ, ಅಂಕಿ ತಗೋ ಅಂದುಕೊಂಡೆ. ಅವತ್ತಿನಿಂದ ಅಂಕಿಯ ಕೆಳಗೆ ಒಂದು ಅಕ್ಷರ ಬರೆಯಲಿಲ್ಲ. ಸ್ಕೋರರ್ ಕಂಡದ್ದನ್ನು ಬರೀಬೇಕು, ಕಾರಣ ಬರೀಬಾರದು ಎಂದು ನನಗೆ ನಾನೇ ಒಂದು ಕಾನೂನು ಮಾಡಿಕೊಂಡೆ. ನನ್ನ ಸಿಟ್ಟಿಗೆ ನಾನು ಇಟ್ಟ ದೊಡ್ಡ ಹೆಸರು ಅದು.

ಈಗ ಆ ಇಬ್ಬರು ಹುಡುಗರ ಬಗ್ಗೆ ಹೇಳಬೇಕು.

ದಾದಾಪೀರ್ ಹಿರಿಯೂರು ಪೇಟೆಯವನು. ಅವರ ತಂದೆಯದು ಹತ್ತಿಯ ಹಾಸಿಗೆ ಹೊಲಿಯುವ ಅಂಗಡಿ, ಅಜ್ಜನ ಕಾಲದಿಂದ ಇದ್ದದ್ದು. ಹಿರಿಯೂರು ತಂಡಕ್ಕೆ ರೈಡರ್ ಆಗಿ ಆಡುತ್ತಿದ್ದ. ಎದುರಾಳಿಯ ಅಂಕಣಕ್ಕೆ ನುಗ್ಗುವಾಗಲೂ ಮುಖದಲ್ಲಿ ನಗು, ಹಿಡಿಯಲು ಬಂದವನಿಗೆ ಅದನ್ನು ಕಂಡೇ ಮೈ ಉರಿಯಬೇಕು. ಬಾಯಿ ಮಾತ್ರ ಬೊಂಬಾಯಿ. ನಾನು ಕನ್ನಡಕ ಮೂಗಿನ ತುದಿಗೆ ಇಳಿಸಿ ಬರೆಯುವುದನ್ನು ಅಣಕಿಸಿ ಇಡೀ ತಂಡವನ್ನು ನಗಿಸುತ್ತಿದ್ದ. ಆಟ ಮುಗಿದರೆ ಮೊದಲು ಓಡುತ್ತಿದ್ದುದು ಮಿರ್ಚಿ ಗಾಡಿಗೆ. ಅಪ್ಪ ಅವನಿಗೆ ಕಡ್ಡಿ ಮುರಿದಂತೆ ಹೇಳಿದ್ದರಂತೆ, ಈ ಬೇಸಿಗೆ ಆಡು, ಆಗಲಿಲ್ಲವೋ ಬಂದು ಅಂಗಡಿಯಲ್ಲಿ ಕೂರು ಎಂದು. ಅಂಗಡಿ ಅವನಿಗೆ ಜೈಲಿನ ಹಾಗೆ ಕಾಣುತ್ತಿತ್ತು. ಹತ್ತಿಯ ಧೂಳಿಗೆ ದಿನಾ ನೂರು ಸಲ ಸೀನ್ತೀನಿ ಸಾರ್ ಎಂದು ಹೇಳಿಕೊಂಡು ನಗುತ್ತಿದ್ದ. ಆದರೂ ಆ ಒಂದು ಜಾಗಕ್ಕಾಗಿ ಅವನು ಎಷ್ಟು ಆಸೆಪಟ್ಟಿದ್ದ ಎಂದರೆ, ಬೆಳಿಗ್ಗೆ ಐದಕ್ಕೆ ಎದ್ದು ಹೊಳೆಯ ಮರಳಿನಲ್ಲಿ ಓಡುತ್ತಿದ್ದ. ಅದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ, ನನಗೆ ಅವರ ತಂಡದ ಕ್ಯಾಪ್ಟನ್ ಹೇಳಿದ.

ತಿಪ್ಪೇಶ ಮಾರಿಕಣಿವೆ ಕಡೆಯವನು, ಜಲಾಶಯದಲ್ಲಿ ಮೀನು ಹಿಡಿಯುವವರ ಮನೆಯ ಹುಡುಗ. ಹೊಸದುರ್ಗದ ತಂಡಕ್ಕೆ ಎಡಮೂಲೆಯಲ್ಲಿ ನಿಂತು ಹಿಡಿಯುವ ಕೆಲಸ ಅವನದು. ರೈಡರ್‌ನ ಕಾಲು ಸಿಕ್ಕಿದರೆ ಬಿಡುವ ಮಾತೇ ಇಲ್ಲ. ಮಾತು ಕಮ್ಮಿ. ಏನಪ್ಪ ಚೆನ್ನಾಗಿದ್ದೀಯಾ ಅಂದರೆ ಹೂಂ ಸಾರ್, ಊಟ ಆಯ್ತಾ ಅಂದರೆ ಹೂಂ ಸಾರ್. ಪಿಯುಸಿ ಎರಡು ಸಲ ಕಟ್ಟಿ ಎರಡು ಸಲವೂ ಇಂಗ್ಲಿಷಿನಲ್ಲಿ ಹೋಗಿತ್ತು. ಅವನಿಗೊಂದು ಅಭ್ಯಾಸ ಇತ್ತು. ರೈಡರ್ ಬಂದು ಬೆರಳ ತುದಿ ಸೋಕಿಸಿ ಹೋದರೂ, ಅಂಪೈರು ನೋಡಿರಲಿ ಬಿಡಲಿ, ತಾನೇ ಬಲಗೈ ಎತ್ತಿ ಅಂಕಣದಿಂದ ಹೊರಗೆ ನಡೆದುಬಿಡುತ್ತಿದ್ದ. ಹೊಸದುರ್ಗದವರು ಮೊದಮೊದಲು ತಲೆ ಚಚ್ಚಿಕೊಂಡರು. ಯಾರ ಪರ ಆಡ್ತೀಯಲೇ ಎಂದು ಕೂಗಿದರು. ಅವನು ಹೊರಗೆ ಕೂತು ಮಣ್ಣು ಕೊಡವಿಕೊಳ್ಳುತ್ತಿದ್ದ ಅಷ್ಟೆ. ಕೊನೆಗೆ ಅಂಪೈರುಗಳಿಗೇ ಅವನು ಅಭ್ಯಾಸವಾಗಿಬಿಟ್ಟ. ಸಂಶಯ ಬಂದರೆ ಅವರು ಒಮ್ಮೆ ತಿಪ್ಪೇಶನ ಕೈ ನೋಡುತ್ತಿದ್ದರು. ಕೈ ಮೇಲಿದ್ದರೆ ಔಟು, ಇಲ್ಲದಿದ್ದರೆ ಇಲ್ಲ.

ಇದು ಎಲ್ಲಿಂದ ಬಂತು ಎಂದು ನನಗೆ ಗೊತ್ತಾದದ್ದು ಒಂದು ಮಳೆಯ ದಿನ. ಹಿರಿಯೂರಿನಲ್ಲಿ ಆಟ ಅರ್ಧ ಆಗಿತ್ತು. ಹಗಲೆಲ್ಲ ಉಸಿರು ಕಟ್ಟುವ ಸೆಕೆ, ಇದ್ದಕ್ಕಿದ್ದ ಹಾಗೆ ಗಾಳಿ ಎದ್ದು ದಪ್ಪ ದಪ್ಪ ಹನಿ ಬಿತ್ತು. ಅಡ್ಡಮಳೆ. ಐದು ನಿಮಿಷದಲ್ಲಿ ಅಂಕಣ ಕೆಂಪು ಕೆಸರಾಯಿತು, ದೀಪ ಹೋಯಿತು. ಎರಡೂ ತಂಡದವರೂ ನಾನೂ ಪಕ್ಕದ ಗೋದಾಮಿನ ಜಗಲಿಗೆ ಓಡಿದೆವು. ದಾದಾಪೀರ್ ಎಲ್ಲಿಂದಲೋ ಮಂಡಕ್ಕಿ ತಂದ. ತಿಪ್ಪೇಶನಿಗೂ ಅವನಿಗೂ ಮಧ್ಯೆ ಒಂದೇ ಟವೆಲ್ಲು. ಕ್ಲಬ್ಬಿನ ಕೋಣೆಯಲ್ಲಿ ಎರಡು ವರ್ಷ ಒಟ್ಟಿಗೆ ಮಲಗಿದ ಸ್ನೇಹ ಅದು. ಒಂದು ಜಾಗ, ಇಬ್ಬರು ಎಂಬುದು ಇಬ್ಬರಿಗೂ ಗೊತ್ತಿತ್ತು. ಆ ಮಾತನ್ನು ಅವರು ಎತ್ತುತ್ತಿರಲಿಲ್ಲ, ನಾವೂ ಎತ್ತುತ್ತಿರಲಿಲ್ಲ.

ಅವತ್ತು ದಾದಾಪೀರನೇ ಕೆಣಕಿದ, ಲೇ ತಿಪ್ಪ, ಅಂಪೈರು ನೋಡಿರಲಿಲ್ಲ, ಯಾಕಲೇ ಎದ್ದು ಹೋದೆ ಎಂದು. ತಿಪ್ಪೇಶ ಮಂಡಕ್ಕಿ ಆರಿಸುತ್ತ ಅವತ್ತು ನಾಲ್ಕು ಮಾತಾಡಿದ. ಅವನ ಊರಿನಲ್ಲಿ ಬೇಸಿಗೆಯಲ್ಲಿ ಕೆರೆಯ ನೀರು ಹಿಂದೆ ಸರಿದರೆ ಒಣಗಿದ ಅಂಗಳದಲ್ಲಿ ಹುಡುಗರೆಲ್ಲ ಕಬಡ್ಡಿ ಆಡುತ್ತಾರಂತೆ. ದೊಡ್ಡವರು ಬಲೆ ಹಾಕಲು ಹೋಗಿರುತ್ತಾರೆ, ಅಂಪೈರು ಯಾರೂ ಇಲ್ಲ. ಮುಟ್ಟಿಸಿಕೊಂಡವನೇ ಹೇಳಬೇಕು. ಹೇಳಲಿಲ್ಲ ಅಂದರೆ ಮಾರನೆಯ ದಿನ ಅವನನ್ನು ಯಾರೂ ಆಟಕ್ಕೆ ಕರೆಯುವುದಿಲ್ಲ. “ಅದೇ ರೂಢಿ ಆಗೈತೆ ಸಾರ್. ಕೈ ತಾನೇ ಮ್ಯಾಕ್ ಹೋಗುತ್ತೆ” ಅಂದ. ದಾದಾಪೀರ್ ಅವನ ತಲೆಗೆ ಟವೆಲ್ಲು ಹಾಕಿ ಗಸಗಸ ಉಜ್ಜಿದ. ಸುಳ್ಳು ಯಾಕೆ ಹೇಳಲಿ, ಇಂಥ ಹುಡುಗ ನನ್ನ ಶಾಲೆಯಲ್ಲಿ ಒಬ್ಬನಾದರೂ ಇದ್ದಿದ್ದರೆ ಅನ್ನಿಸಿತು.

ಆ ರಾತ್ರಿ ಕಳಿಸಿದ ಹಾಳೆಯಲ್ಲಿ ಏನು ಬರೆದೆ? ತಿಪ್ಪೇಶ, ಹಿಡಿತ ಮೂರು, ಔಟು ನಾಲ್ಕು. ಅಷ್ಟೆ. ಆ ನಾಲ್ಕರಲ್ಲಿ ಮೂರು ಅವನೇ ಕೈ ಎತ್ತಿದ್ದು, ಇನ್ನೊಬ್ಬರಾಗಿದ್ದರೆ ದಕ್ಕಿಸಿಕೊಳ್ಳುತ್ತಿದ್ದರು ಎಂದು ಒಂದು ಸಾಲು ಬರೆಯಬಹುದಿತ್ತು. ಬರೆಯಲಿಲ್ಲ. ಅಂಕಿ ಬೇಕಾ, ಅಂಕಿ ತಗೋ.

ಯುಗಾದಿಗೆ ಇನ್ನೊಂದು ವಾರ ಇದೆ ಅನ್ನುವಾಗ ಓಂಕಾರಪ್ಪನ ಫೋನು ಬಂತು. ಎಲ್ಲ ಹಾಳೆ ಮುಂದಿಟ್ಟುಕೊಂಡು ಕೂತಿದ್ದೇನೆ ಅಂದ. ದಾದಾಪೀರನ ಲೆಕ್ಕ ಚೆನ್ನಾಗಿದೆಯಂತೆ, ಆದರೆ ಖಾಲಿ ರೈಡು ಜಾಸ್ತಿಯಂತೆ. ತಂಡಕ್ಕೆ ನಿಜವಾಗಿ ಬೇಕಾಗಿರುವುದು ಮೂಲೆಯ ಹುಡುಗನೇ. “ಆದ್ರೆ ಈ ತಿಪ್ಪೇಶ ದಿನಾ ನಾಕು, ಐದು ಸಲ ಔಟಾಗ್ತಾನಲ್ಲೋ. ಮೂಲೆಯೋನು ಹಿಂಗೆ ಸೋರಿದ್ರೆ ಹೆಂಗೆ? ಹೊಸದುರ್ಗದ ಫೈನಲ್‌ಗೆ ನಾನೇ ಬರ್ತೀನಿ. ಅಲ್ಲೂ ಹಂಗೇ ಆಡಿದ್ರೆ ಬಿಟ್ಬಿಡಾಣ, ದಾದಾಪೀರನ್ನೇ ತಗಳಾಣ” ಅಂದ.

ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಲೇ ಓಂಕಾರ, ಅವನು ಸೋರುತ್ತಿಲ್ಲ, ತಾನೇ ಎದ್ದು ಹೋಗುತ್ತಿದ್ದಾನೆ, ಅರ್ಧಕ್ಕರ್ಧ ಔಟು ಅವನ ನಿಯತ್ತಿನದು ಎಂದರೆ ಮುಗಿಯುತ್ತಿತ್ತು. ಹಾಗೆ ಹೇಳಿದ್ದರೆ, ಇಷ್ಟು ದಿನ ಯಾಕೆ ಬರೀಲಿಲ್ಲಪ್ಪ ಎಂದು ಅವನು ಕೇಳುತ್ತಿದ್ದ. ನಿನ್ನ ಮೇಲಿನ ಸಿಟ್ಟಿಗೆ ಎಂದು ನಾನು ಹೇಳಬೇಕಾಗುತ್ತಿತ್ತು. ಐವತ್ತೇಳು ವರ್ಷದ ಮೇಷ್ಟ್ರಿಗೆ ಅದು ಬಾಯಿಂದ ಬರಲಿಲ್ಲ. ನೋಡಾಣ ಬಿಡು, ಹುಡುಗ ಸುಧಾರಿಸಬಹುದು ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿ ಫೋನು ಇಟ್ಟೆ.

ಎರಡು ದಿನ ಊಟ ಸೇರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ದಾರಿ ಹುಡುಕಿದೆ. ಸಿಕ್ಕಿತು. ಸಿಕ್ಕಿತು ಅಂದುಕೊಂಡೆ ಅನ್ನುವುದೇ ಸರಿ.

ಫೈನಲ್ ದಿನ ಸಂಜೆ ಐದಕ್ಕೇ ಹೊಸದುರ್ಗ ತಲುಪಿದೆ. ಊರ ಹೊರಗಿನ ಬಯಲಿನಲ್ಲಿ ಅಂಕಣ. ತೆಂಗಿನ ಗರಿಯ ಚಪ್ಪರದ ಕೆಳಗೆ ತಿಪ್ಪೇಶ ಒಬ್ಬನೇ ಕೂತು ಪಾದಕ್ಕೆ ಬಟ್ಟೆ ಸುತ್ತಿಕೊಳ್ಳುತ್ತಿದ್ದ. ಎದುರಾಳಿ ಹಿರಿಯೂರು, ಅಂದರೆ ದಾದಾಪೀರನ ತಂಡ. ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಓಂಕಾರಣ್ಣ ಬರುತ್ತಿದ್ದಾರೆ, ನಿನ್ನ ಔಟಿನ ಲೆಕ್ಕ ನೋಡಿ ಬೇಜಾರಾಗಿದ್ದಾರೆ, ಇವತ್ತೇ ಕೊನೆ ಎಂದು ವಿವರಿಸಿದೆ. ಅವನು ಹೂಂ ಸಾರ್, ಹೂಂ ಸಾರ್ ಅನ್ನುತ್ತಿದ್ದ. ಆಮೇಲೆ ಹೇಳಿದೆ.

“ಇವತ್ತೊಂದಿನ ಸೀಟಿ ಊದೋತನಕ ಕೈ ಎತ್ತಬೇಡಪ್ಪ. ನೋಡೋದು ಅಂಪೈರ್ ಕೆಲಸ. ಅವರ ಕೆಲಸ ಅವರು ಮಾಡ್ಲಿ.”

ಈ ಸಲ ಅವನು ಹೂಂ ಅನ್ನಲಿಲ್ಲ. ನನ್ನ ಮುಖ ನೋಡಿದ. ಅಪ್ಪನೋ ಮೇಷ್ಟ್ರೋ ತಪ್ಪು ಹೇಳುತ್ತಿರಲಾರರು, ನನಗೇ ಅರ್ಥವಾಗಿಲ್ಲವೇನೋ ಎಂಬ ನೋಟ. ಪಾದದ ಬಟ್ಟೆಯ ಗಂಟು ಬಿಗಿದು, “ನೀವು ಹೇಳಿದ್ರೆ ಆಯ್ತು ಸಾರ್” ಅಂದ. ನಾನು ಅವನ ಬೆನ್ನು ತಟ್ಟಿ ಎದ್ದೆ. ನನ್ನ ಬಿಗುಮಾನ ಇಳಿಸಿಕೊಳ್ಳಲಾರದೆ ಹುಡುಗನ ಕೈ ಇಳಿಸಿದೆ ಎಂಬುದು ಆ ಹೊತ್ತಿನಲ್ಲೇ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿದರೆ ನಾಲಿಗೆ ಬಿದ್ದುಹೋಗಬೇಕು.

ಓಂಕಾರಪ್ಪ ಕೋಲೂರಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತ. ನಾನು ಅವನ ಪಕ್ಕ, ತೊಡೆಯ ಮೇಲೆ ನೋಟ್‌ಬುಕ್ಕು. ಆಟ ಜಿದ್ದಾಜಿದ್ದಿ. ತಿಪ್ಪೇಶ ಮೊದಲರ್ಧದಲ್ಲಿ ನಾಲ್ಕು ಹಿಡಿತ ಹಾಕಿದ, ಓಂಕಾರಪ್ಪ ಪ್ರತಿ ಸಲವೂ ನನ್ನ ಮೊಣಕೈ ತಿವಿದ. ಒಂದು ಸಲ ಔಟಾದ, ಅದು ಎಲ್ಲರಿಗೂ ಕಾಣುವಂಥ ಔಟು, ಅಂಪೈರೇ ಸೀಟಿ ಊದಿದರು. ದಾದಾಪೀರನೂ ಬಿಡಲಿಲ್ಲ. ಅವತ್ತು ಅವನ ಮುಖದಲ್ಲಿ ನಗು ಇರಲಿಲ್ಲ. ಅಂಥ ದಾದಾಪೀರನನ್ನು ನಾನು ಅದೊಂದು ದಿನ ಮಾತ್ರ ನೋಡಿದೆ. ಅವನ ಅಪ್ಪನೂ ಬಂದಿದ್ದರು, ಬಿಳಿ ಟೋಪಿ ಹಾಕಿಕೊಂಡು ಹಗ್ಗದ ಆಚೆ ಎಲ್ಲರ ಹಿಂದೆ ನಿಂತಿದ್ದರು.

ಕೊನೆಯ ಅರ್ಧ ನಿಮಿಷ. ಹೊಸದುರ್ಗ ಒಂದೇ ಒಂದು ಪಾಯಿಂಟು ಮುಂದೆ. ರೈಡಿಗೆ ಬಂದವನು ದಾದಾಪೀರ್. ಮುಟ್ಟಿ ವಾಪಸ್ಸಾದರೆ ಸಮ, ಆಮೇಲೆ ಗೆದ್ದವರು ಯಾರೆಂದು ತೀರ್ಮಾನಿಸಲು ಐದೈದು ರೈಡಿನ ಆಟ. ಆ ಬೇಸಿಗೆಯಲ್ಲಿ ಐದೈದು ರೈಡಿನ ಆಟವನ್ನು ದಾದಾಪೀರ್ ಒಮ್ಮೆಯೂ ಸೋತಿರಲಿಲ್ಲ. ಅವನು ಬಲಕ್ಕೆ ಹೋಗುವಂತೆ ಮಾಡಿ, ಎಡಕ್ಕೆ ತಿರುಗಿ, ತಿಪ್ಪೇಶನ ಮೂಲೆಗೆ ಕೈ ಬೀಸಿದ. ಮೂರು ಬೆರಳು ತಿಪ್ಪೇಶನ ಎಡ ಮುಂಗೈಗೆ ತಾಗಿದವು. ನಾನು ಹತ್ತು ಅಡಿ ದೂರದಲ್ಲಿದ್ದೆ, ದೀಪ ನೇರವಾಗಿ ಅವರ ಮೇಲಿತ್ತು. ತಾಗಿದ ಜಾಗದ ಮಣ್ಣು ಉದುರಿದ್ದನ್ನೂ ನೋಡಿದೆ. ಓಂಕಾರಪ್ಪನಿಗೆ ಅಡ್ಡವಾಗಿ ಮುಂದೆ ಲೈನ್ ಅಂಪೈರು ನಿಂತಿದ್ದರು.

ದಾದಾಪೀರ್ ಮಧ್ಯದ ಗೆರೆ ದಾಟಿ ಬೆರಳು ಎತ್ತಿ ತೋರಿಸಿದ. ಅಂಪೈರು ಸೀಟಿ ಬಾಯಿಗಿಟ್ಟುಕೊಂಡು ಒಂದು ಕ್ಷಣ ಅನುಮಾನಿಸಿದರು. ಆಮೇಲೆ ಇಡೀ ಬೇಸಿಗೆ ಮಾಡಿದ್ದನ್ನೇ ಮಾಡಿದರು. ತಿಪ್ಪೇಶನ ಕೈ ನೋಡಿದರು.

ಕೈ ಕೆಳಗಿತ್ತು. ತೊಡೆಗೆ ಅಂಟಿಕೊಂಡಿತ್ತು.

ಅಂಪೈರು ಖಾಲಿ ರೈಡು ಎಂದು ಸನ್ನೆ ಮಾಡಿದರು. ಅಷ್ಟರಲ್ಲಿ ಹೊತ್ತು ಮುಗಿದ ಸೀಟಿಯೂ ಆಯಿತು, ಹೊಸದುರ್ಗದವರು ಹಗ್ಗ ಹಾರಿ ಒಳಗೆ ನುಗ್ಗಿ ತಿಪ್ಪೇಶನನ್ನು ಹೆಗಲ ಮೇಲೆ ಹೊತ್ತರು. ದಾದಾಪೀರ್ ಜಗಳ ಆಡಲಿಲ್ಲ. ಜಗಳ ಆಡಿದ್ದರೆ ನನಗೆ ಸಲೀಸಾಗುತ್ತಿತ್ತು. ಅವನು ಗೆರೆಯ ಮೇಲೆ ನಿಂತು ತಿಪ್ಪೇಶನನ್ನೇ ನೋಡಿದ, ಆಮೇಲೆ ತಿರುಗಿ ನಮ್ಮ ಕಡೆ ನೋಡಿದ. ನನ್ನ ಕೈಯ ನೋಟ್‌ಬುಕ್ಕನ್ನು ನೋಡಿದ ಅನ್ನಬೇಕು. ನಾನು ತಲೆ ತಗ್ಗಿಸಿ ಬರೆದೆ. ದಾದಾಪೀರ್, ಖಾಲಿ ರೈಡು, ಇನ್ನೊಂದು ಗೀಟು. ತಿಪ್ಪೇಶ, ಔಟು ಒಂದು.

ಕಂಡದ್ದನ್ನು ಬರೆಯುವವನು ಎಂದು ಬೇಸಿಗೆಯಿಡೀ ಮೆರೆದಿದ್ದೆ. ಅವತ್ತು ಅಂಪೈರು ಕಂಡದ್ದನ್ನು ಬರೆದೆ.

ಓಂಕಾರಪ್ಪ ಹಾಳೆಯನ್ನು ಅಲ್ಲೇ ನೋಡಿ, “ಅಡ್ಡಿಲ್ಲ ಕಣೋ, ಹುಡುಗ ಸುಧಾರಿಸ್ಯಾನೆ” ಅಂದ. ವಾರದೊಳಗೆ ತಿಪ್ಪೇಶ ಟ್ರಂಕು ಹೊತ್ತುಕೊಂಡು ದುರ್ಗಕ್ಕೆ ಹೋದ. ಎರಡು ವರ್ಷ ದೊಡ್ಡ ತಂಡಕ್ಕೆ ಆಡಿ, ಪೊಲೀಸ್ ಕೆಲಸಕ್ಕೆ ಸೇರಿದ. ತಂಗಿಯ ಮದುವೆ ಮಾಡಿದ, ನನ್ನನ್ನೂ ಕರೆದಿದ್ದ. ನಾನು ಜ್ವರ ಎಂದು ಹೇಳಿ ಹೋಗಲಿಲ್ಲ. ಈಗಲೂ ವರ್ಷಕ್ಕೊಮ್ಮೆ ಫೋನು ಮಾಡುತ್ತಾನೆ. ಸಾರ್, ಅವತ್ತು ಹೊಸದುರ್ಗದಾಗೆ ಎಂದು ಏನೋ ಶುರು ಮಾಡುತ್ತಾನೆ. ನಾನು ಮಕ್ಕಳು ಹೇಗಿದ್ದಾರಪ್ಪ ಎಂದು ಮಾತು ತಿರುಗಿಸುತ್ತೇನೆ. ದಾದಾಪೀರ್ ಅಂಗಡಿಗೆ ಹೋಗಿ ಕೂತ. ಮುಂದಿನ ಬೇಸಿಗೆ ಓಂಕಾರಪ್ಪ ಮತ್ತೆ ಕರೆದ. ಕಣ್ಣು ಮಂಜಾಗಿದೆ, ಬೇರೆ ಯಾರನ್ನಾದರೂ ನೋಡು ಎಂದೆ. ನಿವೃತ್ತನಾದ ಮೇಲೆ ಹಿರಿಯೂರಿಗೆ ಎಷ್ಟೋ ಸಲ ಹೋದೆ, ಆ ಹಾಸಿಗೆ ಅಂಗಡಿಯ ಬೀದಿ ಬಿಟ್ಟು ಸುತ್ತಿಕೊಂಡೇ ಹೋದೆ.

ಮೊನ್ನೆ ಬಸ್ಸಿಳಿದವನು ಸುತ್ತಿಕೊಂಡು ಹೋಗಲಿಲ್ಲ. ಹುಡುಗಿ ಹಚ್ಚಿಕೊಂಡ ಸ್ಪ್ರೇ ನನ್ನ ಅಂಗಿಗೂ ಹತ್ತಿತ್ತೋ ಏನೋ, ಮೂಗಿನಿಂದ ಹೋಗಲೇ ಇಲ್ಲ. ಕಾಲು ನೇರ ಆ ಬೀದಿಗೆ ಹೋಯಿತು.

ಅಂಗಡಿಯ ಮುಂದೆ ಚಾಪೆ ಹಾಸಿಕೊಂಡು ದಾದಾಪೀರ್ ಹಾಸಿಗೆಗೆ ದಬ್ಬಳ ಹಾಕಿ ಹೊಲಿಯುತ್ತಿದ್ದ. ಮೈ ತುಂಬಿಕೊಂಡಿದ್ದಾನೆ, ಗಡ್ಡದಲ್ಲಿ ಎರಡು ಬಿಳಿ ಕೂದಲು. ನನ್ನನ್ನು ಕಂಡ ಕೂಡಲೆ ಎದ್ದು, “ಬರ್ರಿ ಸಾರ್, ಕುಂತ್ಕಳ್ರಿ” ಎಂದು ಸ್ಟೂಲು ಒರೆಸಿ ಕೊಟ್ಟ. ಟೀ ತರಿಸಿದ. ಅಪ್ಪ ಹೋಗಿ ಮೂರು ವರ್ಷ ಆಯಿತು ಅಂದ. ಇಬ್ಬರು ಹೆಣ್ಣುಮಕ್ಕಳಂತೆ, ದೊಡ್ಡವಳು ಶಾಲೆಯಲ್ಲಿ ಓಟದಲ್ಲಿ ಮುಂದಂತೆ. ಈಗಲೂ ಸೀನು ಬರುತ್ತಾ ಎಂದು ಕೇಳಿದೆ. ನಕ್ಕ, ಅಭ್ಯಾಸ ಆಗೋಯ್ತು ಸಾರ್ ಅಂದ. ಟೀ ಲೋಟ ಕೆಳಗಿಟ್ಟೆ. ಇಷ್ಟು ವರ್ಷದಲ್ಲಿ ನೂರು ಸಲ ಮನಸ್ಸಿನಲ್ಲಿ ಆಡಿಕೊಂಡಿದ್ದ ಮಾತು, ಬಾಯಿಗೆ ಬಂದಾಗ ಮೂರೇ ತುಂಡಾಗಿತ್ತು.

“ದಾದು, ಅವತ್ತು ನೀನು ಮುಟ್ಟಿದ್ದೆ ಕಣಪ್ಪ. ನಾನು ನೋಡಿದ್ದೆ, ಬರೀಲಿಲ್ಲ. ಕೈ ಎತ್ತಬೇಡ ಅಂತ ಅವನಿಗೆ ಹೇಳಿದ್ದೂ ನಾನೇ.”

ಅವನು ದಬ್ಬಳವನ್ನು ಬಟ್ಟೆಯಲ್ಲಿ ಚುಚ್ಚಿಟ್ಟ.

“ಗೊತ್ತು ಸಾರ್. ತಿಪ್ಪೇಶ ಅವತ್ತೇ ಎಲ್ಲ ಹೇಳ್ದ. ಹೊಸದುರ್ಗದ ಬಸ್ ಸ್ಟ್ಯಾಂಡಾಗೆ ಕುಂತು ಅತ್ತ. ಬೆಳಿಗ್ಗೆ ಹೋಗಿ ಓಂಕಾರಣ್ಣಂಗೆ ಹೇಳ್ತೀನಿ ಅಂದ. ನಾನೇ ಬ್ಯಾಡ ಅಂದೆ. ಅವನ ಬಾಯಿಂದ ಅವನೇ ಯಾಕೆ ಜಾಗ ಕಳ್ಕಬೇಕು? ಹೇಳೋರು ಇನ್ನೊಬ್ರು ಇದ್ರಲ್ಲ.”

ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ, ಅಂಗಡಿಯ ವ್ಯವಹಾರ ಹೇಳುವ ಹಾಗೆ ಹೇಳುತ್ತಿದ್ದ.

“ಮೇಷ್ಟ್ರು ನೋಡ್ಯಾರೆ, ಬರ್ದೇ ಬರ್ದಿರ್ತಾರೆ ಅಂತ ಅಬ್ಬಾಗೂ ಹೇಳಿದ್ದೆ ಸಾರ್. ಒಂದು ವಾರ ಅವರು ನನ್ನನ್ನ ಅಂಗಡಿಗೆ ಕರೀಲಿಲ್ಲ. ನಾನೂ ಓಂಕಾರಣ್ಣ ಮಾಡ್ತಾರೆ ಅಂತ ಫೋನು ಕೈಯಾಗೇ ಹಿಡ್ಕಂಡು ಇಲ್ಲೇ ಜಗಲಿ ಮ್ಯಾಲೆ ಕುಂತಿದ್ದೆ.”